ಕಿಟಕಿ ಕಡೆಯ ಕೆನ್ನೆ

ಬೇಸಿಗೆ ಮುಗಿಯುತ್ತಾ ಬಂದಿತ್ತು. ಮಧ್ಯಾಹ್ನದ ಊಟವಾಗಿ ಎಲ್ಲರ ರೆಪ್ಪೆಯೂ ಎಳೆಯುವ ಹೊತ್ತು. ಮುಂದಿನ ಕೋಣೆಯ ಕಿಟಕಿಯಿಂದ ಬಿಸಿಲು ಓರೆಯಾಗಿ ಬಂದು ನೆಲದ ಮೇಲೆ ಅರ್ಧ ಚಾಪೆಯಷ್ಟು ಹಾಸಿಕೊಂಡಿತ್ತು. ಆಗ ಒಳಕೋಣೆಯಲ್ಲಿ ಏನೋ ಉರುಳಿದ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಮೊಮ್ಮಗ ಕಪಾಟಿನ ಕೆಳಗಿನ ಅರೆಯಿಂದ ನನ್ನ ಹಳೆಯ ಕ್ಯಾಮೆರಾ ಹೊರಗೆಳೆದು, ಅದರ ಮುಚ್ಚಳ ಎಲ್ಲಿ ತೆರೆಯುತ್ತದೆ ಎಂದು ಉಗುರು ಹಾಕಿ ಹುಡುಕುತ್ತಿದ್ದ.

ಆ ಹುಡುಗನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಿಲಕಿ ಎನ್ನುತ್ತೇವೆ. ಅಲ್ಲಾಡಿಸಿದರೂ ಸದ್ದು, ಸುಮ್ಮನೆ ಇಟ್ಟರೂ ಸದ್ದು. ಅವನ ಅಕ್ಕ ಅವನಿಗೆ ತದ್ವಿರುದ್ಧ. ಹದಿನೇಳು ತುಂಬಿದೆ, ಕೇಳಿದರೆ ಉತ್ತರ, ಇಲ್ಲದಿದ್ದರೆ ಮೌನ. ಅವಳನ್ನು ನಾವು ದೊಡ್ಡವಳು ಎನ್ನುವುದು. ಇಬ್ಬರೂ ನನ್ನ ಮಗಳ ಮಕ್ಕಳು, ರಜೆಗೆಂದು ನಮ್ಮ ಮನೆಗೆ ಬಂದವರು.

ದೊಡ್ಡವಳ ಎಡಗಣ್ಣಿನ ಕೆಳಗಿನಿಂದ ದವಡೆಯವರೆಗೆ ಒಂದು ಹುಟ್ಟುಮಚ್ಚೆ ಇದೆ. ನೇರಳೆ ಬಣ್ಣದ್ದು, ಅಂಗೈ ಅಗಲದ್ದು. ಮಗುವಾಗಿದ್ದಾಗ ಕನ್ನಡಿಯಲ್ಲಿ ಅದನ್ನು ಮುಟ್ಟಿ ಮುಟ್ಟಿ ನಗುತ್ತಿದ್ದಳು. ಶಾಲೆಗೆ ಹೋಗಲು ತೊಡಗಿದ ಮೇಲೆ ಆ ನಗು ನಿಂತಿತು. ಆಮೇಲಿನ ಅವಳ ಫೋಟೋ ಒಂದೂ ನಮ್ಮಲ್ಲಿಲ್ಲ. ಮನೆಮಂದಿಯೆಲ್ಲ ಸಾಲಾಗಿ ನಿಂತಾಗ ಫೋನು ಹಿಡಿದು ತೆಗೆಯುವವಳು ಅವಳೇ. ಬಚ್ಚಿಟ್ಟುಕೊಳ್ಳುವುದಕ್ಕೆ ಕ್ಯಾಮೆರಾದ ಹಿಂದಿನಂಥ ಒಳ್ಳೆಯ ಜಾಗ ಇನ್ನೊಂದಿಲ್ಲ.

ಈ ಸಲ ಅವಳು ಹೊತ್ತು ತಂದ ಭಾರವೇ ಬೇರೆ. ದೂರದ ಊರಿನ ಕಾಲೇಜಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು, ಅವಳೇ ಆಸೆಪಟ್ಟು ಓದಿ ಗಿಟ್ಟಿಸಿಕೊಂಡದ್ದು. ತಿಂಗಳ ಕೊನೆಯೊಳಗೆ ಗುರುತಿನ ಚೀಟಿಗೆ ಮುಖದ ಫೋಟೋ ಕೊಟ್ಟು ಸೇರಿಕೊಳ್ಳಬೇಕು. ಫೋಟೋ ತೆಗೆಸಿಕೊಳ್ಳುವುದಿಲ್ಲ, ಕಾಲೇಜೂ ಬೇಡ ಎಂದು ಕೂತುಬಿಟ್ಟಿದ್ದಳು. ಗದರಿದ್ದಾಯಿತು, ರಮಿಸಿದ್ದಾಯಿತು, ಮಗಳು ಸೋತು ನಮ್ಮ ಹತ್ತಿರ ಕಳಿಸಿದ್ದಳು. ನೀವೇನೂ ಕೇಳಬೇಡಿ ಅಪ್ಪ, ಸುಮ್ಮನೆ ಜೊತೆಗಿಟ್ಟುಕೊಳ್ಳಿ ಸಾಕು ಎಂದು ಫೋನಿನಲ್ಲಿ ಅತ್ತಿದ್ದಳು. ಕೇಳದೆ ಇರುವುದು ನನಗೆ ಕಷ್ಟದ ಕೆಲಸವಲ್ಲ.

ಗಿಲಕಿಯ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತೆ. ಅದು ಎರಡು ಕಣ್ಣಿನದು. ಮೇಲಿನ ಕಣ್ಣು ನಮಗೆ ತೋರಿಸುವುದಕ್ಕೆ, ಕೆಳಗಿನದು ಫಿಲ್ಮಿಗೆ ತೋರಿಸುವುದಕ್ಕೆ. ಮುಖದ ಮುಂದೆ ಹಿಡಿಯುವ ಹಾಗಿಲ್ಲ, ಎದೆಯ ಕೆಳಗೆ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು. ನೋಡುವ ಗಾಜಿನಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಗಿಲಕಿ ಬೆಕ್ಕನ್ನು ಹಿಡಿಯಲು ಈ ಕಡೆ ತಿರುಗಿಸಿದರೆ ಬೆಕ್ಕು ಗಾಜಿನಲ್ಲಿ ಆ ಕಡೆ ಓಡಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ ಕಣೋ ಎಂದೆ. ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ದೊಡ್ಡವಳು ಬಂದು, ಒಂದು ಸಲ ಕೊಡಿ ತಾತ ಎಂದು ಕೇಳಿ ಇಸಿದುಕೊಂಡಳು. ಬಹಳ ಹೊತ್ತು ತಲೆ ತಗ್ಗಿಸಿ ಅದರೊಳಗೆ ನೋಡುತ್ತಾ ನಿಂತಳು. ಎದುರಿಗಿರುವವರನ್ನು ದುರುಗುಟ್ಟಿ ನೋಡಬೇಕಾಗಿಲ್ಲ, ಅವರಿಗೆ ತಲೆ ಬಾಗಿದ ಹಾಗೆ ಇದೆ ಎಂದಳು. ನನ್ನ ತಲೆಗೆ ಯಾವತ್ತೂ ಹೊಳೆಯದ ಮಾತು ಅದು.

ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಒಂದು ಫೋಟೋ ಸ್ಟುಡಿಯೋದ ಕತ್ತಲ ಕೋಣೆ ಸೇರಿದವನು. ಫಿಲ್ಮು ತೊಳೆಯುವುದು, ಕಾಗದಕ್ಕೆ ಚಿತ್ರ ಇಳಿಸುವುದು ನನ್ನ ಪಾಲು. ನನ್ನ ಹೆಂಡತಿ ಅದೇ ಸ್ಟುಡಿಯೋದ ಮೇಲಂತಸ್ತಿನ ಮೆತ್ತಿನಲ್ಲಿ, ಉತ್ತರದ ಕಿಟಕಿಯ ಬಳಿ ಕೂತು ಟಚಿಂಗ್ ಮಾಡುತ್ತಿದ್ದಳು. ಓರೆ ಮೇಜಿನ ನಡುವೆ ಒಂದು ಗಾಜು, ಅದರ ಕೆಳಗೆ ಬೆಳಕು ಹಾಯಿಸುವ ಕನ್ನಡಿ, ಗಾಜಿನ ಮೇಲೆ ನೆಗೆಟಿವ್. ಉಪ್ಪು ಕಾಗದದ ಮೇಲೆ ಸೂಜಿಯಂತೆ ಮಸೆದ ಪೆನ್ಸಿಲಿನಿಂದ ಒಬ್ಬೊಬ್ಬರ ಮುಖಕ್ಕೂ ಕಾಣದಂತೆ ಚುಕ್ಕಿ ಇಡುವುದು. ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು, ನಿದ್ದೆಗೆಟ್ಟ ಮದುಮಗಳ ಆಯಾಸ ಎಲ್ಲ ಅವಳ ಪೆನ್ಸಿಲಿನ ಕೆಳಗೆ ಮಾಯವಾಗುತ್ತಿದ್ದವು. ನಾನು ಕತ್ತಲಲ್ಲಿ, ಅವಳು ಬೆಳಕಲ್ಲಿ, ಭೇಟಿ ಊಟದ ಹೊತ್ತಿಗೆ ಮಾತ್ರ. ಅಷ್ಟರಲ್ಲೇ ಮದುವೆಯ ಮಾತೂ ಮುಗಿದಿತ್ತು. ಸ್ಟುಡಿಯೋ ಮುಚ್ಚಿದಾಗ ಯಜಮಾನರು ಕ್ಯಾಮೆರಾವನ್ನೂ ಚಿತ್ರ ಹಿಗ್ಗಿಸುವ ಯಂತ್ರವನ್ನೂ ನನಗೆ ಕೊಟ್ಟರು. ಅವಳು ತನ್ನ ಮೇಜನ್ನು ಮಾತ್ರ ಕೇಳಿ ತಂದಳು. ಈಗಲೂ ಅದು ನಮ್ಮ ಊಟದ ಕೋಣೆಯ ಕಿಟಕಿಗೆ ಆತುಕೊಂಡಿದೆ. ಅದರ ಮುಂದಿನ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದಿಲ್ಲ. ಕೂರಬೇಡಿ ಎಂದು ಅವಳು ಯಾರಿಗೂ ಹೇಳಿದ್ದಿಲ್ಲ, ಆದರೂ ಕೂರುವುದಿಲ್ಲ.

ಮಾರನೆಯ ದಿನ ದೊಡ್ಡವಳು ತನ್ನ ಫೋನಿನಲ್ಲೇ ಫಿಲ್ಮು, ಕಾಗದ, ತೊಳೆಯುವ ಪುಡಿಗಳನ್ನು ತರಿಸಲು ಹೇಳಿದಳು. ಇಂಥವೆಲ್ಲ ಇನ್ನೂ ಸಿಗುತ್ತವೆ ಎಂದು ನನಗೆ ಗೊತ್ತೇ ಇರಲಿಲ್ಲ. ಡಬ್ಬ ಬರುವವರೆಗೆ ಇಬ್ಬರಿಗೂ ಒಂದು ಹಾಳಾದ ಫಿಲ್ಮು ಕೊಟ್ಟು, ಕಣ್ಣು ಮುಚ್ಚಿಕೊಂಡು ಸುರುಳಿಗೆ ಸುತ್ತುವುದನ್ನು ಕಲಿಸಿದೆ. ಗಿಲಕಿ ಕಣ್ಣು ಮುಚ್ಚಿದ ಹಾಗೆ ಮಾಡಿ ಸಂದಿಯಿಂದ ನೋಡುತ್ತಿದ್ದ. ಕಳ್ಳ, ರೆಪ್ಪೆ ನಡುಗುತ್ತೆ ಎಂದು ಅವನ ಅಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ದೊಡ್ಡವಳು ಮಾತ್ರ ಒಂದೇ ದಿನಕ್ಕೆ ಬೆರಳಲ್ಲಿ ಕಣ್ಣು ಇಟ್ಟುಕೊಂಡಳು. ಫಿಲ್ಮು ಹಾದಿ ತಪ್ಪಿದರೆ ಬಿಗಿಯಾಗುತ್ತದೆ, ಆಗ ಎಳೆಯಬಾರದು, ಹಿಂದಕ್ಕೆ ಬಿಟ್ಟು ಮತ್ತೆ ಕೊಡಬೇಕು. ಹೇಳದೆಯೇ ಅವಳ ಕೈಗೆ ಅದು ತಿಳಿಯಿತು.

ಒಂದು ಫಿಲ್ಮಿಗೆ ಹನ್ನೆರಡೇ ಚಿತ್ರ. ಗಿಲಕಿಗೆ ಅದು ಅನ್ಯಾಯ ಎನ್ನಿಸಿತು. ಹನ್ನೆರಡು ಅಂದರೆ ನನಗೆ ಒಂದು ನಿಮಿಷಕ್ಕೆ ಸಾಲಲ್ಲ ಎಂದ. ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಕ್ಯಾಮೆರಾ ಅವನ ಕೈಗೆ ಹೋಯಿತು. ಬೆಕ್ಕಿನ ಬಾಲ, ನೀರಿನ ಟಾಕಿ, ಪಕ್ಕದ ಮನೆಯ ದರ್ಜಿಯ ಬೋಳುತಲೆ, ತನ್ನದೇ ಬೂಟು. ನಾನು ತಡೆಯಲಿಲ್ಲ. ಕಲಿಯುವವರು ಹಾಳು ಮಾಡಬೇಕು, ಇಲ್ಲದಿದ್ದರೆ ಉಳಿಸುವುದು ಬರುವುದಿಲ್ಲ. ಉಳಿದದ್ದರಲ್ಲಿ ದೊಡ್ಡವಳು ಅಜ್ಜಿಯ ಕೈ, ನನ್ನ ಚಪ್ಪಲಿ, ಖಾಲಿ ರಸ್ತೆ, ಹೀಗೆ ಒಂದೊಂದನ್ನೇ ಬಹಳ ಯೋಚಿಸಿ ತೆಗೆದಳು. ಕೊನೆಯದೊಂದು ಉಳಿಯಿತು.

ಆ ಮಧ್ಯಾಹ್ನ ಅವಳು ಬಂದು, ತಾತ, ತಾನಾಗಿ ತೆಗೆಯುವ ಕೀಲಿ ಇದರಲ್ಲಿ ಇದೆಯಾ ಎಂದು ಕೇಳಿದಳು. ಇದೆ ಎಂದು ತೋರಿಸಿಕೊಟ್ಟೆ. ಆ ಕಡ್ಡಿಯನ್ನು ಒತ್ತಿ ಬಿಟ್ಟರೆ ಜೀರುಂಡೆಯಂತೆ ಗುಂಯ್‌ಗುಟ್ಟಿ ಆಮೇಲೆ ಕೆಳಗಿನ ಕಣ್ಣಿನ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಹೋಗಿ ಕೂರಬೇಕು. ಮುಂದಿನ ಕೋಣೆಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಕಿಟಕಿಯ ಬಳಿ ಹಾಕಿದ ಒಂದು ಕುರ್ಚಿಯ ಬೆನ್ನಿಗೆ ದೂರ ಹೊಂದಿಸಿಕೊಟ್ಟೆ. ಕೂತಾಗ ಬೆಳಕು ಒಂದು ಕಡೆಯಿಂದ ಬರಬೇಕು, ಕಿಟಕಿ ಕಡೆಯ ಕೆನ್ನೆ ಚೆನ್ನಾಗಿ ಕಾಣುತ್ತದೆ, ಇನ್ನೊಂದು ನೆರಳಿಗೆ ಹೋಗುತ್ತದೆ, ಅಷ್ಟು ಮಾತ್ರ ಹೇಳಿದೆ. ಅವಳು ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನೆತ್ತಿ ತಿರುಗಿಸಿ, ತನ್ನ ಎಡಗೆನ್ನೆ ಕಿಟಕಿಗೆ ಬರುವ ಹಾಗೆ ಇಟ್ಟಳು.

ನಾನು ಗಿಲಕಿಯ ಕೈ ಹಿಡಿದು ಹೊರಗೆ ಬಂದು ಬಾಗಿಲು ಹಾಕಿದೆ. ಒಳಗೆ ಜೀರುಂಡೆ ಗುಂಯ್‌ಗುಟ್ಟಿತು. ಒಂದು ಸಣ್ಣ ಟಿಕ್ ಆಯಿತು. ಆಮೇಲೆ ಎಷ್ಟೋ ಹೊತ್ತು ಅವಳು ಬಾಗಿಲು ತೆಗೆಯಲಿಲ್ಲ.

ಫಿಲ್ಮು ತೊಳೆದದ್ದು ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಯಲ್ಲಿ. ಬಾಗಿಲ ಸಂದಿಗೆಲ್ಲ ಕಂಬಳಿ ತುರುಕಿ, ಗಿಲಕಿಯನ್ನು ಹೊರಗೆ ಕಾವಲಿಗೆ ನಿಲ್ಲಿಸಿ, ನಾನೂ ದೊಡ್ಡವಳೂ ಒಳಗೆ ಕೂತೆವು. ಸುತ್ತುವವಳು ಅವಳೇ. ನಾನು ಪಕ್ಕದಲ್ಲಿ ಬರೀ ಉಸಿರು. ಕಣ್ಣು ಬಿಟ್ಟರೂ ಒಂದೇ ಮುಚ್ಚಿದರೂ ಒಂದೇ ಎನ್ನುವಂಥ ಕತ್ತಲಲ್ಲಿ ಜನ ಹಗಲಲ್ಲಿ ಆಡದ ಮಾತು ಆಡುತ್ತಾರೆ. ನನ್ನ ಕಾಲದಲ್ಲಿ ಯಜಮಾನರೇ ಒಳಗೆ ಬಂದು ಅತ್ತು ಹೋದದ್ದುಂಟು.

"ತಾತ, ಇದರಲ್ಲಿ ಅಳಿಸೋಕೆ ಆಗಲ್ಲ ಅಲ್ವಾ?"

"ಆಗಲ್ಲಮ್ಮ. ಬಿದ್ದ ಬೆಳಕು ಬಿತ್ತು."

"ಫೋನಲ್ಲಿ ತೆಗೆದ್ರೆ ನೋಡೋದ್ರೊಳಗೆ ಬೆರಳೇ ಅಳಿಸಿಬಿಡತ್ತೆ. ನಾನು ಅಳಿಸ್ದೇ ಇದ್ರೆ ಫೋನೇ ಕೆನ್ನೆ ನುಣ್ಣಗೆ ಮಾಡಿಕೊಡತ್ತೆ, ಯಾರೂ ಕೇಳದೇನೇ. ನಾನು ಹೇಗಿದೀನಿ ಅಂತ ನಂಗೇ ಗೊತ್ತಿಲ್ಲ." ಸುರುಳಿ ಒಂದು ಸುತ್ತು ತಿರುಗಿದ ಸದ್ದು ಕೇಳಿಸಿತು. "ಒಂದು ಸಲ ಇದ್ದ ಹಾಗೆ ನೋಡ್ತೀನಿ. ನೋಡೋಕೆ ಆದ್ರೆ ಕಾಲೇಜಿಗೂ ಅದನ್ನೇ ಕೊಡ್ತೀನಿ. ಆಗಲಿಲ್ಲ ಅಂದ್ರೆ ಹೋಗಲ್ಲ ತಾತ. ಅಮ್ಮ ಅತ್ರೂ ಹೋಗಲ್ಲ."

ಆಗಲಿ ಎಂದೆ.

ತೊಳೆದು ತೆಗೆದಾಗ ಹನ್ನೆರಡೂ ಬಂದಿದ್ದವು. ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಬಚ್ಚಲಮನೆಯ ತಂತಿಗೆ ನೇತು ಹಾಕಿದೆವು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು, ಕೂದಲು ಬಿಳಿ, ಗೋಡೆ ಕಪ್ಪು. ಕೊನೆಯ ಚಿತ್ರದಲ್ಲಿ ಅವಳ ಮುಖ ಕಪ್ಪಗಿತ್ತು, ಮಚ್ಚೆಯ ಜಾಗ ಮಾತ್ರ ಮೋಡದ ತುಂಡಿನ ಹಾಗೆ ತಿಳಿಯಾಗಿತ್ತು. ಹೀಗೆ ನೋಡಿದರೆ ಲೆಕ್ಕವಿಲ್ಲ, ಕಾಗದದ ಮೇಲೆ ಬರಲಿ ಎಂದು ಅವಳು ಮುಖ ತಿರುಗಿಸಿಕೊಂಡಳು. ಆದರೆ ಹಿಗ್ಗಿಸುವ ಯಂತ್ರದ ಬಲ್ಬು ಸುಟ್ಟುಹೋಗಿತ್ತು. ಬೀದಿ ಕೊನೆಯ ಎಲೆಕ್ಟ್ರಿಷಿಯನ್, ಅಂಥದ್ದು ನನ್ನಪ್ಪನ ಕಾಲದಲ್ಲಿ ಸಿಗುತ್ತಿತ್ತು, ಹುಡುಕಿಸುತ್ತೇನೆ, ಒಂದು ವಾರ ಕೊಡಿ ಎಂದ. ಕಾಯುವುದೇ ಈ ಕೆಲಸದ ಅರ್ಧ ಎಂದು ಮಕ್ಕಳಿಗೆ ಹೇಳಿದೆ.

ಒಣಗಿದ ಫಿಲ್ಮನ್ನು ಬೆಳಗ್ಗೆ ಕತ್ತರಿಸಿ ತೆಳು ಕಾಗದದ ಲಕೋಟೆಯಲ್ಲಿ ಹಾಕಿದೆ. ಒಣಗಿದ ನೆಗೆಟಿವ್ ಎಲ್ಲಿಡಬೇಕೆಂದು ನನ್ನ ಕೈ ಯಾವತ್ತೂ ನನ್ನನ್ನು ಕೇಳಿದ್ದಿಲ್ಲ. ಸ್ಟುಡಿಯೋದಲ್ಲಿ ಬೆಳಗಿನ ಮೊದಲ ಕೆಲಸ ಅದೇ ಆಗಿತ್ತು, ಮೆತ್ತು ಹತ್ತಿ ನನ್ನ ಹೆಂಡತಿಯ ಮೇಜಿನ ಬಲಗಡೆ ಇಟ್ಟು ಇಳಿಯುವುದು. ಇಟ್ಟೆ ಎಂದರೆ ನನ್ನದು ಮುಗಿಯಿತು, ನಿನ್ನದು ಶುರು ಮಾಡು ಎಂದರ್ಥ. ಬಾಯಿ ಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ. ಅವಳ ಮೇಜು ದಾಟದೆ ಒಂದು ಮುಖವೂ ಸ್ಟುಡಿಯೋದಿಂದ ಹೊರಗೆ ಹೋಗುತ್ತಿರಲಿಲ್ಲ. ಆ ದಿನ ಬೆಳಗ್ಗೆಯೂ ಲಕೋಟೆ ಹಿಡಿದು ಊಟದ ಕೋಣೆಗೆ ಹೋದೆ, ಮೇಜಿನ ಬಲಗಡೆ ಇಟ್ಟೆ, ಕೈ ತೊಳೆದುಕೊಳ್ಳಲು ಹೋದೆ. ಏನು ಮಾಡಿದೆ ಎಂಬ ಎಚ್ಚರವೂ ನನಗಿರಲಿಲ್ಲ.

ಆ ವಾರ ನನ್ನ ಹೆಂಡತಿ ಬೆಳಗಿನ ಹೊತ್ತು ಕಿಟಕಿಗೆ ಬೆನ್ನು ಕೊಡದೆ ಎದುರಾಗಿ ಕೂತಿರುವುದನ್ನು ಕಂಡೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದಿದ್ದಳು. ಏನೋ ಹೊಲಿಗೆ ಇರಬೇಕು ಎಂದುಕೊಂಡು ದಾಟಿ ಹೋದೆ. ಎರಡು ವರ್ಷದಿಂದ ಅವಳ ಕೈ ನಡುಗುತ್ತದೆ, ಲೋಟದ ನೀರು ತುಳುಕುತ್ತದೆ. ಆ ಕೈಯಲ್ಲಿ ಸೂಜಿಗೆ ದಾರ ಪೋಣಿಸುವುದೇ ದೊಡ್ಡದು. ಇನ್ನೇನನ್ನೂ ನಾನು ಯೋಚಿಸಲಿಲ್ಲ.

ಬಲ್ಬು ಬಂತು. ಮೆಟ್ಟಿಲ ಕೆಳಗೆ ಯಂತ್ರ ನಿಲ್ಲಿಸಿ, ಕೆಂಪು ದೀಪ ಹಾಕಿ, ತಟ್ಟೆಗಳಲ್ಲಿ ದ್ರಾವಣ ತುಂಬಿ ಮಧ್ಯಾಹ್ನ ಶುರು ಮಾಡಿದೆವು. ಗಿಲಕಿಯೂ ಒಳಗೆ ಬಂದಿದ್ದ, ಉಸಿರಾಡದೆ ಇರುತ್ತೇನೆ ಎಂದು ಮಾತು ಕೊಟ್ಟು. ಮೊದಲು ಬೆಕ್ಕಿನ ಬಾಲ ಇಳಿಸಿದೆವು. ಬಿಳಿ ಕಾಗದದ ಮೇಲೆ ನೀರಿನೊಳಗಿನಿಂದ ಬಾಲ ಎದ್ದು ಬಂದಾಗ ಅವನ ಬಾಯಿ ನಿಜವಾಗಿಯೂ ಕಟ್ಟಿಹೋಯಿತು. ಆಮೇಲೆ ದೊಡ್ಡವಳು, ಈಗ ನನ್ನದು ಎಂದಳು.

ಅವಳೇ ಹೊಂದಿಸಿದಳು, ಅವಳೇ ಬೆಳಕು ಕೊಟ್ಟಳು, ಅವಳೇ ಕಾಗದವನ್ನು ತಟ್ಟೆಗೆ ಜಾರಿಸಿದಳು. ಕೂದಲು ಬಂತು, ಕಣ್ಣು ಬಂತು, ಕುತ್ತಿಗೆಯ ನೆರಳು ಬಂತು. ಕಿಟಕಿ ಕಡೆಯ ಕೆನ್ನೆ ಎಲ್ಲಕ್ಕಿಂತ ಕೊನೆಗೆ ಬಂತು. ಹಾಲಿನ ಕೆನೆಯ ಹಾಗೆ ನುಣ್ಣಗೆ, ಒಂದು ಚುಕ್ಕಿ ಇಲ್ಲದೆ.

ನನ್ನ ಹೆಂಡತಿಯ ಆ ಕೈ ನನಗೆ ಅವಳ ಅಕ್ಷರದಷ್ಟೇ ಗೊತ್ತು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯದಂತೆ ಚುಕ್ಕಿಯ ಪಕ್ಕ ಚುಕ್ಕಿ ಕೂಡಿಸುವ ಕೈ. ನಡುಗುವ ಬೆರಳಲ್ಲಿ, ಮಂಜುಗಣ್ಣಲ್ಲಿ, ಅವಳ ಆಯಸ್ಸಿನಲ್ಲೇ ಒಳ್ಳೆಯ ಕೆಲಸ ಮಾಡಿದ್ದಳು. ಹೆದರಿಕೆಯಾದದ್ದು ಅದಕ್ಕೇ.

ದೊಡ್ಡವಳು ತಟ್ಟೆಯ ಮೇಲೆ ಬಗ್ಗಿಯೇ ಇದ್ದಳು. "ಅಳಿಸೋಕೆ ಆಗಲ್ಲ ಅಂದ್ರಲ್ಲ ತಾತ," ಎಂದಳು.

ನಾನು ಕಾಗದವನ್ನೆತ್ತಿ, ಚಿತ್ರ ಕಪ್ಪಾಗದಂತೆ ಹಿಡಿದು ನಿಲ್ಲಿಸುವ ಹೈಪೋ ತಟ್ಟೆಗೆ ದಾಟಿಸಿದೆ. ಒದ್ದೆ ಕಾಗದವನ್ನು ತೆಗೆದುಕೊಂಡು ಅವಳು ಹೊರಗೆ ನಡೆದಳು. ಊಟದ ಕೋಣೆಯಲ್ಲಿ ಅವಳ ಅಜ್ಜಿ ಕಾಯುತ್ತಾ ಕೂತಿದ್ದಳು, ಪರೀಕ್ಷೆ ಬರೆದು ಬಂದ ಹುಡುಗಿಯ ಹಾಗೆ. ಹೇಗೆ ಬಂದಿದೆ ಎಂದು ಕೇಳಿದ ಅವಳ ಮುಖದಲ್ಲಿ ನಗು ಆಗಲೇ ಅರ್ಧ ಬಂದಾಗಿತ್ತು.

"ಇದು ಯಾರು ಅಜ್ಜಿ?"

"ನೀನೇ ಕಣೇ. ಇನ್ಯಾರು?"

"ನಾನಲ್ಲ."

ಗಿಲಕಿ ಇಣುಕಿ ನೋಡಿ, ಇದನ್ನು ಚೀಟಿಗೆ ಅಂಟಿಸಿದರೆ ಗೇಟಿನಲ್ಲಿ ಕಾವಲುಗಾರ ಅಕ್ಕನನ್ನು ಒಳಗೆ ಬಿಡಲ್ಲ, ಫೋಟೋದಲ್ಲಿ ಇರೋಳನ್ನ ಕರ್ಕೊಂಡು ಬಾ ಅಂತಾನೆ ಎಂದ. ಯಾರೂ ನಗಲಿಲ್ಲ. ಅವನೇ ತಲೆ ತಗ್ಗಿಸಿದ.

ನನ್ನ ಹೆಂಡತಿ ನನ್ನ ಕಡೆ ನೋಡಿದಳು. "ನೀವೇ ತಾನೇ ತಂದಿಟ್ಟಿದ್ದು? ಬಲಗಡೆ?"

ಹೌದು ಎಂದೆ. ಆಗಲೇ ನನಗೂ ಅದು ಹೊಳೆದದ್ದು.

ಅವಳಿಗೆ ಏನು ತಪ್ಪಾಗಿದೆ ಎಂದು ಇನ್ನೂ ಪೂರ್ತಿ ತಿಳಿದಿರಲಿಲ್ಲ. ಬಂದವರನ್ನು ಹಾಗೇ ಕಳಿಸುವುದು ನಮ್ಮ ಪದ್ಧತಿಯಲ್ಲ, ತೀರಿಕೊಂಡವರ ಮುಖಕ್ಕೂ ನಾಲ್ಕು ಚುಕ್ಕಿ ಇಟ್ಟೇ ಕೊಟ್ಟದ್ದು, ಸ್ವಂತ ಮೊಮ್ಮಗಳಿಗೆ ಮಾಡದಿದ್ದರೆ ಈ ಕೈ ಯಾಕಿರಬೇಕು ಎಂದು ಹೇಳುತ್ತಾ ಹೋದಳು. ನೀನು ಇದನ್ನು ನೋಡಿ ನಗುತ್ತೀಯ ಅಂದುಕೊಂಡಿದ್ದೆ ಎಂದಳು.

"ಎಲ್ಲರೂ ಇದನ್ನೇ ಮಾಡೋದು ಅಜ್ಜಿ. ಫೋನೂ ಇದನ್ನೇ ಮಾಡತ್ತೆ. ನೀವಾದ್ರೂ ಬಿಡ್ತೀರ ಅಂದ್ಕೊಂಡಿದ್ದೆ."

ಅವಳು ಕೂಗಿ ಹೇಳಲಿಲ್ಲ. ಕೂಗಿದ್ದರೆ ನನ್ನ ಹೆಂಡತಿ ತಿರುಗಿ ಗದರುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಮೆಲ್ಲಗೆ ಹೇಳಿದ್ದರಿಂದ ಮಾತು ಹೋಗಿ ನೇರ ನಾಟಿತು. ದೊಡ್ಡವಳು ಕೋಣೆಗೆ ಹೋಗಿ ಬಟ್ಟೆ ಮಡಚಲು ಶುರು ಮಾಡಿದಳು. ನಾಳೆ ಮನೆಗೆ ಹೋಗುತ್ತೇನೆ, ಕಾಲೇಜಿನ ಮಾತು ಇನ್ನು ಯಾರೂ ಎತ್ತಬೇಡಿ ಎಂದು ಗಿಲಕಿಯ ಕೈಯಲ್ಲಿ ಹೇಳಿ ಕಳಿಸಿದಳು. ಆ ಸಂಜೆ ಊಟಕ್ಕೆ ಕೂತವರು ನಾನೂ ಅವನೂ ಇಬ್ಬರೇ. ಅವನು ಕೂಡ ಅನ್ನವನ್ನು ಬೆರಳಲ್ಲಿ ಆಡಿಸುತ್ತಾ ಕೂತಿದ್ದ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಹಾಗೆಯೇ. ನನ್ನ ಹೆಂಡತಿ ಮಚ್ಚೆ ಕಂಡು ಅಸಹ್ಯವಾಗಿ ಅಳಿಸಿದ್ದಲ್ಲ. ಆ ಹುಡುಗಿ ಹುಟ್ಟಿದ ದಿನ ಮೊದಲು ಎತ್ತಿಕೊಂಡು ಆ ಕೆನ್ನೆಗೇ ಮುತ್ತಿಟ್ಟವಳು ಅವಳು. ಮೇಜಿನ ಮೇಲೆ ಬಂದ ಮುಖಕ್ಕೆ ಗೌರವ ಕೊಡುವ ದಾರಿ ಅವಳಿಗೆ ಅದೊಂದೇ ಗೊತ್ತಿದ್ದದ್ದು. ಇದನ್ನು ದೊಡ್ಡವಳಿಗೆ ಹೇಳಬೇಕೆಂದು ಎರಡು ಸಲ ಅವಳ ಬಾಗಿಲವರೆಗೆ ಹೋಗಿ ವಾಪಸು ಬಂದೆ. ನಾನು ಹೇಳಿದರೆ ಅದು ಹೆಂಡತಿಯ ಪರ ವಕಾಲತ್ತಾಗುತ್ತದೆ.

ಬೆಳಗ್ಗೆ ನಾನು ಏಳುವಷ್ಟರಲ್ಲಿ ನನ್ನ ಹೆಂಡತಿ ಮೇಜಿನ ಬಳಿ ನಿಂತಿದ್ದಳು. ಮೇಜಿನ ಮೇಲೆ ಆ ನೆಗೆಟಿವ್, ಒಂದು ಸಣ್ಣ ಶೀಸೆಯಲ್ಲಿ ಟರ್ಪೆಂಟೈನ್, ಹತ್ತಿ. ದೊಡ್ಡವಳು ಚೀಲ ಹೆಗಲಿಗೇರಿಸಿಕೊಂಡು ಕೋಣೆಯಿಂದ ಬಂದಾಗ, ಇಲ್ಲಿ ಬಾ ಎಂದು ಕರೆದಳು. ಹುಡುಗಿ ಬಂದು ದೂರದಲ್ಲಿ ನಿಂತಳು. ಅವಳ ಅಜ್ಜಿ ಕುರ್ಚಿಯನ್ನು ಹಿಂದಕ್ಕೆಳೆದು, ಕೂತುಕೋ ಎಂದಳು. ದೊಡ್ಡವಳು ನನ್ನ ಮುಖ ನೋಡಿದಳು. ಆ ಕುರ್ಚಿ ಏನೆಂದು ಅವಳಿಗೂ ಗೊತ್ತು. ಚೀಲ ಕೆಳಗಿಟ್ಟು ಕೂತಳು.

"ಪೆನ್ಸಿಲು ಮೇಲೆ ಮೇಲೆ ಕೂತಿರತ್ತೆ ಅಷ್ಟೇ. ಇದು ಹಚ್ಚಿ ಒರೆಸಿದ್ರೆ ಬಂದುಬಿಡತ್ತೆ. ನಾನು ಇಟ್ಟಿದ್ದು, ನೀನು ತೆಗಿ."

ಹೇಗೆ ಹಿಡಿಯಬೇಕು, ಎಷ್ಟು ಹಗುರಕ್ಕೆ ಒರೆಸಬೇಕು ಎಂದು ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ತಿಕ್ಕಬೇಡ, ಮಗುವಿನ ಕಣ್ಣು ಒರೆಸಿದ ಹಾಗೆ ಒರೆಸು ಎಂದಳು. ಹತ್ತಿಯ ಮೇಲೆ ಬೂದಿ ಬಣ್ಣ ಬಂತು. ಮೋಡದ ತುಂಡು ಮತ್ತೆ ನಿಧಾನಕ್ಕೆ ತಿಳಿಯಾಯಿತು. ದೊಡ್ಡವಳು ಭೂತಗನ್ನಡಿಯಲ್ಲಿ ನೋಡುತ್ತಾ ನೋಡುತ್ತಾ ಕೈ ನಿಧಾನ ಮಾಡಿದಳು. ಒಂದು ವಾರದ ಬೆಳಗುಗಳು ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೂತಿದ್ದು ಅವಳಿಗೆ ಆಗ ಕಂಡಿರಬೇಕು. ಇಷ್ಟನ್ನೂ ನೀವೇ ಇಟ್ಟಿದ್ದಾ ಅಜ್ಜಿ, ಈ ಕೈಯಲ್ಲಿ, ಎಂದು ಕೇಳಿದಳು. ಅವಳ ಅಜ್ಜಿ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಆಮೇಲೆ ಹೇಳಿದಳು, "ದವಡೆ ಹತ್ರ ಒಂದು ಕಡೆ ಬೆಳಕು ಜಾಸ್ತಿ ಹೊಳೀತಿತ್ತು. ಅಲ್ಲಿ ಚಾಕು ಹಾಕ್ದೆ. ಕೈ ಜಾರ್ತು. ಮೇಲೆ ಪೆನ್ಸಿಲು ಹಾಕಿ ಮುಚ್ಚಿದ್ದೆ. ಅದು ಮಾತ್ರ ಹೋಗಲ್ಲ, ಕೆರೆದಿದ್ದು ಕೆರೆದ ಹಾಗೇ."

ಎಲ್ಲಿ ಎಂದು ಹುಡುಗಿ ಕೇಳಿದಳು. ಮಚ್ಚೆಯ ಅಂಚಿಗೆ, ರೆಪ್ಪೆಗೂದಲಿನಷ್ಟು ಉದ್ದದ ಒಂದು ಗೀರು. ಕಾಗದದ ಮೇಲೆ ಅದು ಕಪ್ಪಗೆ ಬರುತ್ತದೆ. ದೊಡ್ಡವಳು ಅದನ್ನೇ ನೋಡಿ, "ಇಷ್ಟೆಲ್ಲ ಇದೆ. ಇದೂ ಒಂದು ಇರ್ಲಿ ಬಿಡಿ," ಎಂದಳು. ಆ ಮಾತಿನಲ್ಲಿ ಸಣ್ಣ ನಗು ಇತ್ತೋ ಏನೋ, ನನಗೆ ಕಿವಿ ಅಷ್ಟು ಸೂಕ್ಷ್ಮವಿಲ್ಲ.

ಅವಳು ಅವತ್ತು ಹೊರಡಲಿಲ್ಲ. ಮತ್ತೆ ಮೆಟ್ಟಿಲ ಕೆಳಗೆ ಕೆಂಪು ದೀಪ ಹಚ್ಚಿದೆವು. ಗಿಲಕಿಯನ್ನು ಅವನ ಅಜ್ಜಿ ತಾನೇ ಹೊರಗೆ ಹಿಡಿದಿಟ್ಟುಕೊಂಡಳು. ಕಾಗದ ತಟ್ಟೆಗೆ ಬಿತ್ತು. ಈ ಸಲ ಕಿಟಕಿ ಕಡೆಯ ಕೆನ್ನೆ ಕಣ್ಣಿನ ಜೊತೆ ಜೊತೆಗೇ ಬಂತು. ಮಚ್ಚೆ ಬಂತು, ಅದರ ಅಂಚು ಬಂತು, ಬೆಳಕು ಅದರ ಮೇಲೆ ಬಿದ್ದು ಹೊರಳಿದ್ದು ಬಂತು. ದೊಡ್ಡವಳು ನೋಡುತ್ತಾ ನಿಂತಳು. ಕಾಗದವನ್ನು ಅಷ್ಟು ಹೊತ್ತು ಬಿಡಬಾರದು, ಎತ್ತಿ ಹೈಪೋ ತಟ್ಟೆಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪೇ ಉಳಿಯುವುದು. ಕೆನ್ನೆ ಮಸುಕಾಯಿತು, ಕಣ್ಣು ಮಸುಕಾಯಿತು, ಗೋಡೆಯೂ ಕಪ್ಪಗಾಯಿತು. ನಾನು ಎತ್ತು ಎನ್ನಲಿಲ್ಲ. ಒಂದು ಕಾಗದ ಹೋದರೆ ಹೋಗಲಿ, ಅವಳ ನೋಟ ಮುಗಿಯಲಿ ಎಂದು ಸುಮ್ಮನಿದ್ದೆ.

ಪೂರ್ತಿ ಕಪ್ಪಾದ ಮೇಲೆ ಅವಳು ಮೂಗು ಒರೆಸಿಕೊಂಡು, ಇನ್ನೊಂದು ಹಾಕೋಣ ತಾತ, ಈ ಸಲ ಸರಿಯಾಗಿ ಎತ್ತುತ್ತೇನೆ ಎಂದಳು. ಎತ್ತಿದಳು. ತೊಳೆದು ಹೊರಗೆ ತಂದು ಕಿಟಕಿಯ ಗಾಜಿಗೆ ಅಂಟಿಸಿದಳು. ನೋಡೋಕೆ ಆಯ್ತಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು, ಮೊದಲ ಸಲ ಕಷ್ಟ ಆಯಿತು, ಎರಡನೇ ಸಲ ಅಷ್ಟು ಆಗಲಿಲ್ಲ.

ಅವಳ ಅಜ್ಜಿ ಹತ್ತಿರ ಬಂದು ಭೂತಗನ್ನಡಿ ಹಿಡಿದಳು. ಅಭ್ಯಾಸದ ಮೇಲೆ ಬಲಗೈ ಪೆನ್ಸಿಲಿಗೆಂದು ಮೇಜಿನ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. "ಬೆಳಕು ಚೆನ್ನಾಗಿ ಹಿಡಿದಿದೀಯ," ಎಂದಳು. "ಕಣ್ಣು ಮಾತ್ರ ನಿಮ್ಮಮ್ಮಂದೇ, ಹಟಮಾರಿ ಕಣ್ಣು." ಆಮೇಲೆ, ಆ ಇನ್ನೊಂದು ಚಿತ್ರ ಏನು ಮಾಡಲಿ, ಒಲೆಗೆ ಹಾಕಲಾ ಎಂದು ಕೇಳಿದಳು. ಬೇಡ, ಅದು ನಿಮ್ಮ ಕೆಲಸ, ನೀವೇ ಇಟ್ಟುಕೊಳ್ಳಿ, ನನ್ನದು ಅಂತ ಮಾತ್ರ ಯಾರಿಗೂ ತೋರಿಸಬೇಡಿ ಎಂದಳು ದೊಡ್ಡವಳು. ಕಡಿದು ಹೇಳಿದ ಮಾತೇ. ಆದರೂ ಅಡುಗೆಮನೆಗೆ ಹೋಗಿ ಅಜ್ಜಿಯ ತಟ್ಟೆಯ ಪಕ್ಕದಲ್ಲೇ ತನ್ನ ತಟ್ಟೆ ಇಟ್ಟುಕೊಂಡಳು.

ಗುರುತಿನ ಚೀಟಿಗೆ ಸಣ್ಣ ಅಳತೆಯವು ಬೇಕಿತ್ತು. ಅವನ್ನು ಇಳಿಸಿದವನು ನಾನು, ಅಂಚು ಕತ್ತರಿಸಿದವಳು ನನ್ನ ಹೆಂಡತಿ. ಒಂದೂ ವಕ್ರವಾಗಲಿಲ್ಲ. ಗಿಲಕಿ ತನ್ನ ಬೆಕ್ಕಿನ ಬಾಲಕ್ಕೂ ಅಂಚು ಕತ್ತರಿಸಿಕೊಡಿ ಎಂದು ಬೆನ್ನು ಬಿದ್ದ.

ಮೊದಲು ಮನೆಗೆ ಹೋಗಿ ಅಮ್ಮನನ್ನು ಕಂಡು ಹೋಗು ಎಂದೆ. ಬೇಡ ತಾತ, ಅಮ್ಮ ಅಳುತ್ತಾಳೆ, ಆಗ ನನ್ನ ಧೈರ್ಯವೂ ಅದರಲ್ಲಿ ಹರಿದು ಹೋಗುತ್ತದೆ, ನೇರ ಕಾಲೇಜಿಗೆ ಹೋಗಿ ಕೊಟ್ಟುಬಿಡುತ್ತೇನೆ ಎಂದಳು. ಜೊತೆಗೆ ನಾನು ಬರಲಾ ಎಂದದ್ದಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದಳು. ಬಸ್ ನಿಲ್ದಾಣದವರೆಗೆ ನನ್ನ ಜೊತೆ ಅವಳ ಅಜ್ಜಿಯೂ ಬಂದಳು, ಮಂಡಿ ನೋವನ್ನೂ ಲೆಕ್ಕಿಸದೆ. ಬಸ್ಸು ಬಂದಾಗ ದೊಡ್ಡವಳು ಎಡಗಡೆಯ ಸೀಟು ಹಿಡಿದು ಕಿಟಕಿಗೆ ಕೂತಳು. ಬಸ್ಸು ಹೊರಟ ಮೇಲೆ ನನ್ನ ಹೆಂಡತಿ, ಗಾಳಿಗೆ ಕೂದಲು ಮುಖಕ್ಕೆ ಬರುತ್ತೆ, ಕಟ್ಟಿಕೊ ಅಂತ ಹೇಳೋದೇ ಮರೆತೆ ಎಂದಳು.

ದೊಡ್ಡವಳು ಹೊರಟದ್ದು ಗುರುವಾರ ಬೆಳಗ್ಗೆ. ಗಿಲಕಿಯನ್ನು ಅವನಪ್ಪ ಬಂದು ಭಾನುವಾರ ಕರೆದುಕೊಂಡು ಹೋದ.